ನೀರು ಕುಡಿಯದ ಮಷೀನು

ಏಕವೀರಾ ಹೌಸಿಂಗ್ ಸೊಸೈಟಿಯ ಮೂರನೇ ಮಹಡಿಗೆ ಪಾತ್ರೆ ತೊಳೆಯುವ ಮಷೀನು ಹತ್ತಿದ ದಿನ, ಅದನ್ನು ಹೊತ್ತ ನಾಲ್ಕು ಹಮಾಲರಿಗಿಂತ ಹೆಚ್ಚು ಬೆವರಿದವರು ಕಾಂತಪ್ಪ. ಅವರು ಹೊತ್ತದ್ದು ಅದರ ರಬ್ಬರ್ ಪೈಪನ್ನು ಮಾತ್ರ. ಆದರೆ ಪ್ರತಿ ಮಹಡಿಯಲ್ಲೂ ಬಾಗಿಲು ತೆರೆದು ನಿಂತವರಿಗೆ ಇದು ಏನು, ಎತ್ತ ಎಂದು ತಿಳಿಸಿ ಹೇಳುವ ಹೊಣೆ ಅವರ ತಲೆಗೇ ಬಿದ್ದಿತ್ತು. ಮಳೆ ಇನ್ನೂ ಬಾರದ ಜೂನ್ ತಿಂಗಳಲ್ಲಿ, ಮುಂಬಯಿಯ ಭಾಂಡುಪಿನ ಲಿಫ್ಟಿಲ್ಲದ ಕಟ್ಟಡದಲ್ಲಿ, ಅದೇನು ಹಗುರದ ಕೆಲಸವಲ್ಲ.

"ಏನ್ರೀ ಇದು, ಫ್ರಿಜ್ ತಂದ್ರ್ಯಾ?" ಎಂದು ಪಕ್ಕದ ಮನೆಯ ಬಸವಂತಪ್ಪ ಬನಿಯನ್ನಿನಲ್ಲೇ ಹೊರಬಂದರು.

"ಫ್ರಿಜ್ ಅಲ್ಲ ಮಾರಾಯ್ರೆ. ಪಾತ್ರೆ ತೊಳಿಯೂದು. ಡಿಶ್‌ವಾಷರ್."

"ಹಂಗಾರ ಗಾಲಿ ಯಾಕ ಅದಾವ?"

"ಬೇಕಾದಲ್ಲಿಗೆ ದೂಡಿಕೊಂಡು ಹೋಗ್ಲಿಕ್ಕೆ."

"ಎಲ್ಲಿಗೆ ಹೋಗೂದ್ರಿ? ನಿಮ್ಮ ಅಡಗಿಮನಿ ನಾ ನೋಡಿಲ್ಲೇನು? ಇದು ಒಳಗ ಬಂದ್ರ ನೀವು ಹೊರಗ."

ಬಸವಂತಪ್ಪ ಸೊಸೈಟಿಯ ಸೆಕ್ರೆಟರಿ. ಮೂವತ್ತು ವರ್ಷ ನಗರದ ನೀರಿನ ಇಲಾಖೆಯಲ್ಲಿ ಬೀದಿಯ ಕೊಳವೆಗಳ ಚಾವಿ ತಿರುಗಿಸಿ ನಿವೃತ್ತರಾದವರು. ಯಾವ ಗಲ್ಲಿಗೆ ಎಷ್ಟು ಗಂಟೆಗೆ ನೀರು ಹೋಗಬೇಕೆಂಬುದು ಒಂದು ಕಾಲಕ್ಕೆ ಅವರ ಆಳುದ್ದದ ಕಬ್ಬಿಣದ ಚಾವಿಯಲ್ಲಿತ್ತು. ಚಾವಿ ಇಲಾಖೆಗೆ ವಾಪಸು ಹೋದರೂ ಅದರ ಗತ್ತು ಇವರ ಜೊತೆಗೇ ಮನೆಗೆ ಬಂದಿತ್ತು. ಮಷೀನಿನ ಸುತ್ತ ಒಂದು ಸುತ್ತು ಬಂದು, ಕೊನೆಗೆ ಪೈಪನ್ನು ಬೆರಳಲ್ಲಿ ಅದುಮಿ ನೋಡಿ, "ನೀರು ಎಷ್ಟು ಕುಡೀತೈತಿ?" ಎಂದು ಕೇಳಿದರು. ಕಾಂತಪ್ಪ ಕೇಳಿಸದವರಂತೆ ಹಮಾಲರಿಗೆ ದಾರಿ ತೋರಿಸಿದರು.

ಮಷೀನು ಹೊಸದೇನಲ್ಲ. ಕಾಂತಪ್ಪ ದುಡಿದು ನಿವೃತ್ತರಾದ ದಾದರಿನ ವರದ ವಿಲಾಸ ಹೋಟೆಲಿನ ಯಜಮಾನರ ಮಗಳು ವಿಜೇತಾ, ಪವಾಯಿಯ ದೊಡ್ಡ ಮನೆ ಬಿಟ್ಟು ಸಣ್ಣ ಮನೆಗೆ ಹೋಗುವಾಗ, "ಕಾಂತಪ್ಪಣ್ಣ, ಇದನ್ನು ಗುಜರಿಗೆ ಹಾಕ್ಲಿಕ್ಕೆ ಮನಸ್ಸಾಗುದಿಲ್ಲ, ನೀವು ಇಟ್ಕೊಳ್ಳಿ" ಎಂದು ಕೊಟ್ಟದ್ದು. ಇಪ್ಪತ್ತು ವರ್ಷದ ಹಿಂದಿನ ವಿದೇಶಿ ಮಾಲು. ಒಂದು ಕಾಲಕ್ಕೆ ಬೆಳ್ಳಗಿದ್ದದ್ದು ಈಗ ಎಲೆಅಡಿಕೆ ಬಿಟ್ಟವರ ಹಲ್ಲಿನ ಬಣ್ಣಕ್ಕೆ ತಿರುಗಿತ್ತು. ಪೈಪನ್ನು ಅಡುಗೆಮನೆಯ ನಲ್ಲಿಗೆ ಸಿಕ್ಕಿಸಿ ಗುಂಡಿ ಒತ್ತಿದರೆ ಆಯಿತು, ನೀರು ತಾನೇ ತುಂಬಿಕೊಂಡು ತಾನೇ ತೊಳೆಯುತ್ತದೆ ಎಂದು ವಿಜೇತಾ ಹೇಳಿದ್ದಳು.

ಇದು ಬಂದದ್ದು ಸರಿಯಾದ ಹೊತ್ತಿಗೇ. ಹೆಂಡತಿ ವಿನೋದಿನಿ ಸ್ಟೇಷನ್ನಿನ ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದರು. ಆರು ವಾರ ಪ್ಲಾಸ್ಟರ್. ಕಾಂತಪ್ಪನವರು ಅನ್ನ ಇಡುತ್ತಿದ್ದರು, ಸಾರು ಕುದಿಸುತ್ತಿದ್ದರು, ನೆಲವನ್ನೂ ಗುಡಿಸುತ್ತಿದ್ದರು. ಎಂಜಲು ತಟ್ಟೆ ಮಾತ್ರ ಮುಟ್ಟುತ್ತಿರಲಿಲ್ಲ. ಮದುವೆಯಾದ ಮೂವತ್ತನಾಲ್ಕು ವರ್ಷಗಳಲ್ಲಿ ಒಂದು ಲೋಟ ತೊಳೆದವರಲ್ಲ. ಯಾರಾದರೂ ಕೇಳಿದರೆ, "ಗಲ್ಲಾದಲ್ಲಿ ಕೂತು ಬಂದ ಜನ ನಾವು, ಅದೆಲ್ಲ ಅಭ್ಯಾಸ ಇಲ್ಲ" ಎನ್ನುತ್ತಿದ್ದರು.

ಅಭ್ಯಾಸ ಇತ್ತು. ಹತ್ತೊಂಬತ್ತನೇ ವಯಸ್ಸಿನಲ್ಲಿ ದಾದರಿನಲ್ಲಿ ಬಸ್ಸಿಳಿದ ಕಾಂತಪ್ಪ ನೇರ ಹೋಗಿ ಕೂತದ್ದು ಗಲ್ಲಾದಲ್ಲಲ್ಲ, ವರದ ವಿಲಾಸದ ಹಿಂಬದಿಯ, ಪಾತ್ರೆ ತೊಳೆಯುವ ಮೋರಿಯಲ್ಲಿ. ಅಲ್ಲಿ ಆರು ವರ್ಷ ತಟ್ಟೆ ತೊಳೆದು, ಆಮೇಲೆ ಸಪ್ಲಾಯರ್ ಆಗಿ, ಆಮೇಲೆ ಗಲ್ಲಾ ಹತ್ತಿದವರು. ಆದರೆ ಹೆಣ್ಣು ನೋಡಲು ಕಾರ್ಕಳಕ್ಕೆ ಹೋದಾಗ ವಿನೋದಿನಿಯ ಅಪ್ಪ ಜಗಲಿಯಲ್ಲೇ ಹೇಳಿಬಿಟ್ಟಿದ್ದರು: "ಹೋಟೆಲಿನವರಾದರೆ ಅಡ್ಡಿ ಇಲ್ಲ. ಎಂಜಲು ತಟ್ಟೆ ತೆಗೆದವನಿಗೆ ಮಾತ್ರ ನಾನು ಮಗಳನ್ನು ಕೊಡುವವನಲ್ಲ." ಕಾಂತಪ್ಪ ಬಾಯಲ್ಲಿದ್ದ ಅವಲಕ್ಕಿ ನುಂಗಿ, "ನಾನು ಬೊಂಬಾಯಿಗೆ ಹೋದವನೇ ಗಲ್ಲಾದಲ್ಲಿ ಕೂತೆ" ಎಂದರು. ಆ ಆರು ವರ್ಷ ಅಲ್ಲಿಗೇ, ಅವಲಕ್ಕಿಯ ಜೊತೆಗೇ ಹೊಟ್ಟೆಗೆ ಹೋಯಿತು. ಎಲ್ಲಿ ಒಂದು ತಟ್ಟೆ ಕೈಗೆತ್ತಿಕೊಂಡರೆ ಬೆರಳುಗಳೇ ಚಾಡಿ ಹೇಳಿಬಿಡುತ್ತವೋ ಎಂಬ ಭಯಕ್ಕೆ ಅವರು ಅಂದಿನಿಂದ ಕೈ ಒದ್ದೆ ಮಾಡಿಕೊಂಡಿರಲಿಲ್ಲ.

ಮಷೀನನ್ನು ನಿಲ್ಲಿಸಿದ್ದಾಯಿತು. ಕೆರೆಗಳ ತಳ ಕಾಣುವ ದಿನಗಳಾದ್ದರಿಂದ ನಲ್ಲಿಯಲ್ಲಿ ಬರುವ ನೀರು ಕೆಂಪಗಿತ್ತು. ಮುಂಬಯಿಯ ಎಲ್ಲ ಮನೆಗಳಂತೆ ಇವರ ನಲ್ಲಿಯ ಮೂತಿಗೂ ಒಂದು ತುಂಡು ಬಟ್ಟೆ ಕಟ್ಟಿತ್ತು. ವಿದೇಶಿ ಮಷೀನಿಗೆ ಇಂಥ ನೀರು ಕುಡಿಸುವುದು ಮರ್ಯಾದೆಯಲ್ಲ ಎಂದು ಕಾಂತಪ್ಪ ಹಳೆಯ ಪಂಚೆ ಹರಿದು, ನಾಲ್ಕು ಮಡಿಕೆ ಮಾಡಿ, ಹೊಸದಾಗಿ ಬಿಗಿದು ಕಟ್ಟಿದರು. ಅದರ ಮೇಲೆ ಪೈಪನ್ನು ಒತ್ತಿ ಸಿಕ್ಕಿಸಿದರು. ಎಂಟು ತಟ್ಟೆ, ನಾಲ್ಕು ಲೋಟ ಒಳಗಿಟ್ಟು ಗುಂಡಿ ಒತ್ತಿದರು.

ಮಷೀನು 'ಘೂಂ' ಎಂದಿತು. ಐದು ನಿಮಿಷ ಹಾಗೆಯೇ ಎನ್ನುತ್ತಿತ್ತು. ಆಮೇಲೆ 'ಟಕ್' ಎಂದು ಸುಮ್ಮನಾಯಿತು. ಬಾಗಿಲು ತೆರೆದರೆ ಒಳಗೆ ಒಂದು ಹನಿ ನೀರಿಲ್ಲ. ಇಡ್ಲಿ ಚಟ್ನಿ ಇದ್ದಲ್ಲೇ ಇತ್ತು, ಸ್ವಲ್ಪ ಬೆಚ್ಚಗಾಗಿತ್ತು ಅಷ್ಟೆ.

"ಹೋಯ್, ಆಯ್ತಾ?" ಹಾಲ್‌ನಿಂದ ವಿನೋದಿನಿ ಕೂಗಿದರು. ಅವರ ಜೊತೆ ಬಸವಂತಪ್ಪನವರ ಹೆಂಡತಿ ಕಸ್ತೂರಿಬಾಯಿ ಬಂದು ಕೂತಿದ್ದರು. ಮೇಲುಮಹಡಿ ಕೆಳಮಹಡಿಯ ಇನ್ನಿಬ್ಬರ ದನಿಯೂ ಕೇಳುತ್ತಿತ್ತು.

"ಆಗ್ತಾ ಉಂಟು!" ಎಂದರು ಕಾಂತಪ್ಪ.

"ನಾವು ಬಂದು ನೋಡೂದಾ?"

"ಬೇಡ ಬೇಡ! ಹಬೆ ಬರ್ತದೆ. ಹಬೆ ತಾಗಿದ್ರೆ ನಿನ್ನ ಪ್ಲಾಸ್ಟರ್ ಮೆತ್ತಗಾಗ್ತದೆ ಮಾರಾಯ್ತಿ!"

ಅಡುಗೆಮನೆಯ ಬಾಗಿಲಿಗೆ ಚಿಲಕ ಹಾಕಿ ಅವರು ತಟ್ಟೆಗಳನ್ನು ನೋಡಿದರು. ತಟ್ಟೆಗಳು ಅವರನ್ನು ನೋಡಿದವು. ಮೂಲೆಯ ಮೋರಿಯಲ್ಲಿ ಕೆಳಗೊಂದು ನಲ್ಲಿ ಇತ್ತು, ತುಂಬಿದ ಪೀಪಾಯಿ ಇತ್ತು. ಕಾಂತಪ್ಪ ಮತ್ತೊಮ್ಮೆ ಮಷೀನಿನ ಗುಂಡಿ ಒತ್ತಿ ಅದನ್ನು ಘೂಂ ಎನ್ನಲು ಬಿಟ್ಟು, ಲುಂಗಿ ಎತ್ತಿಕಟ್ಟಿ, ಕುಕ್ಕರುಗಾಲಲ್ಲಿ ಕೂತರು.

ಮೂವತ್ತೊಂಬತ್ತು ವರ್ಷ ಬಿಟ್ಟಿದ್ದರೂ ಕೈ ಏನನ್ನೂ ಮರೆತಿರಲಿಲ್ಲ. ಮೊದಲ ತೊಟ್ಟಿಯಲ್ಲಿ ಎಂಜಲು ಬಿಡಿಸಬೇಕು, ಎರಡನೆಯದರಲ್ಲಿ ಉಜ್ಜಬೇಕು, ಮೂರನೆಯದರಲ್ಲಿ ತಟ್ಟೆಯನ್ನು ಓರೆಯಾಗಿ ಇಳಿಸಿ ಒಂದೇ ಏಟಿಗೆ ಎತ್ತಬೇಕು, ಆಗ ನೀರು ಕಲೆ ಬಿಡದೆ ಜಾರುತ್ತದೆ. ಹಿಂಬದಿಯನ್ನು ಮೊದಲು, ಮುಂಬದಿಯನ್ನು ಆಮೇಲೆ. ಅಂಚಿಗೆ ಹೆಬ್ಬೆರಳು. ವರದ ವಿಲಾಸದ ಮೋರಿಯ ಮೇಸ್ತ್ರಿ ತೊಳೆದ ತಟ್ಟೆಯನ್ನು ಮೂಗಿಗೆ ಹಿಡಿದು ನೋಡುತ್ತಿದ್ದನು. ಸಾಂಬಾರಿನ ವಾಸನೆ ಇದ್ದರೆ ಇಡೀ ಅಟ್ಟಿ ಮತ್ತೆ ನೀರಿಗೆ. ಕಾಂತಪ್ಪ ತಾವೂ ಒಂದನ್ನು ಮೂಗಿಗೆ ಹಿಡಿದರು. ತಮ್ಮಷ್ಟಕ್ಕೆ ತಲೆಯಾಡಿಸಿದರು.

ಹೊರಬಂದ ತಟ್ಟೆಗಳ ಸುತ್ತ ಹಾಲ್‌ನಲ್ಲಿದ್ದ ಹೆಂಗಸರೆಲ್ಲ ನೆರೆದರು. ಕಸ್ತೂರಿಬಾಯಿ ಒಂದನ್ನು ಎತ್ತಿ ಅದರಲ್ಲಿ ತಮ್ಮ ಕುಂಕುಮ ಸರಿಮಾಡಿಕೊಂಡರು.

"ಯವ್ವ! ಕನ್ನಡಿ ಆಗ್ಯಾವಲ್ರೀ. ವಿನೋದಾಬಾಯಿ, ನೀವೂ ಇಷ್ಟು ಛಲೋ ತೊಳೀತಿರಲಿಲ್ಲ, ಸಿಟ್ಟಾಗಬ್ಯಾಡ್ರಿ."

"ಸಿಟ್ಟೆಂತಕ್ಕೆ" ಎಂದ ವಿನೋದಿನಿಗೆ ಸ್ವಲ್ಪ ಸಿಟ್ಟೇ ಬಂದಿತ್ತು. "ಮಷೀನಲ್ವಾ? ಅದಕ್ಕೆ ಬೇರೆ ಎಂತ ಕೆಲಸ ಉಂಟು?"

ಇಲ್ಲಿ ಕಾಂತಪ್ಪ, "ಇದು ನೀರೇ ಕುಡಿಯಲಿಲ್ಲ" ಎಂದು ಒಂದು ಮಾತು ಹೇಳಿದ್ದರೆ ಕಥೆ ಮುಗಿಯುತ್ತಿತ್ತು. ಅವರು ಹೇಳಿದ್ದು, "ವಿದೇಶಿ ಮಾಲು."

ಅರ್ಧ ಗಂಟೆಯಲ್ಲಿ ಕಸ್ತೂರಿಬಾಯಿ ಒಂದು ಕಡಾಯಿ ಹಿಡಿದು ಮತ್ತೆ ಬಂದರು. ಅದರಲ್ಲಿ ಎರಡು ದಿನದ ಹಿಂದಿನ ಎಣ್ಣೆಗಾಯಿ ಹೊತ್ತಿ ತಳ ಕಪ್ಪಾಗಿತ್ತು. "ನಿಮ್ಮ ಮಷಿನ್ಯಾಗ ಇದೊಂದು ತಿರುವಿಬಿಡ್ರಿ ಅಣ್ಣಾರ."

ಮರುದಿನ ಮೆಕ್ಯಾನಿಕ್ ಬಂದನು. ಜುನೇದ್, ವಿಜಯಪುರದ ಕಡೆಯವನು. ಭಾಂಡುಪ್ ಸ್ಟೇಷನ್ನಿನ ಪಕ್ಕ ಅಂಗಡಿ ಇಟ್ಟುಕೊಂಡು ಬಟ್ಟೆ ತೊಳೆಯುವ ಮಷೀನುಗಳನ್ನು ರಿಪೇರಿ ಮಾಡುವವನು. ಕನ್ನಡದವನೆಂದು ಗೊತ್ತಾದ ಮೇಲೆ ಕಾಂತಪ್ಪ ಅವನನ್ನು ಬಿಟ್ಟು ಬೇರೆಯವರನ್ನು ಕರೆದವರಲ್ಲ.

"ಸಲಾಂ ಕಾಕಾ. ಪೇಶಂಟ್ ಎಲ್ಲೈತಿ?"

"ಮೆಲ್ಲಗೆ ಮಾತಾಡು. ಒಳಗೆ ಬಾ. ಬಾಗಿಲು ಹಾಕು."

ಜುನೇದ್ ಮಷೀನಿನ ಬೆನ್ನಿಗೆ ಕಿವಿ ಇಟ್ಟು ಘೂಂಕಾರ ಕೇಳಿದನು. "ಮೋಟರ್ ಜಿಂದಾ ಐತಿ. ನೀರು ಒಳಗ ಬರವಲ್ದು. ಪಾನೀಕಾ ರೋಗ ನಾಕ ಥರಾ ಇರತೈತಿ ಕಾಕಾ, ಒಂದೊಂದ ನೋಡೂಣು."

ಮೊದಲು ಪೈಪು ಎಲ್ಲಾದರೂ ಮಡಚಿದೆಯೇ ಎಂದು ಉದ್ದಕ್ಕೂ ನೀವಿ ನೋಡಿದನು. ಇರಲಿಲ್ಲ. ಬಾಗಿಲು ಸರಿಯಾಗಿ ಕಚ್ಚುತ್ತದೆಯೇ ನೋಡಿದನು, ಕಚ್ಚುತ್ತಿತ್ತು. ತಳದಲ್ಲಿ, ನೀರು ಹೆಚ್ಚಾದರೆ ತೇಲಿ ನಲ್ಲಿ ಮುಚ್ಚಿಸುವ ಪ್ಲಾಸ್ಟಿಕ್ ಬುರುಡೆಯೊಂದಿತ್ತು. ಅದನ್ನು ಎತ್ತಿ ಇಳಿಸಿ ಆಡಿಸಿದನು, ಅಡ್ಡಿಯಿಲ್ಲದೆ ಆಡಿತು. ಕೊನೆಗೆ ಮಷೀನನ್ನು ಮಗ್ಗುಲಾಗಿಸಿ, ನೀರು ಒಳಬರುವ ವಾಲ್ವ್ ಬಿಚ್ಚಿ, ಅದರ ಸಣ್ಣ ಜಾಳಿಗೆಯಲ್ಲಿ ಕಟ್ಟಿದ್ದ ಬಿಳಿ ಸುಣ್ಣವನ್ನು ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ತೆಗೆದು, "ಸಿಕ್ತು ನೋಡ್ರಿ ಕಳ್ಳ!" ಎಂದು ಗೆದ್ದವನಂತೆ ನಕ್ಕನು. ಮತ್ತೆ ಜೋಡಿಸಿದರು. ಗುಂಡಿ ಒತ್ತಿದರು. ಘೂಂ. ಟಕ್.

ನಲ್ಲಿಯ ಮೂತಿಯ ಕಡೆಗೆ ಇಬ್ಬರೂ ನೋಡಲಿಲ್ಲ. ಜುನೇದನ ಮನೆಯ ನಲ್ಲಿಗೂ ಅವನ ತಾಯಿ ಜುಬೇದಾ ಬಟ್ಟೆ ಕಟ್ಟಿಯೇ ಇದ್ದರು. ಹುಟ್ಟಿದಂದಿನಿಂದ ಬಟ್ಟೆ ಕಟ್ಟಿದ ನಲ್ಲಿಯನ್ನೇ ನೋಡುತ್ತ ಬಂದವನಿಗೆ ಬಟ್ಟೆ ನಲ್ಲಿಯದೇ ಒಂದು ಅಂಗ.

"ಹಠಾ ಹಿಡದೈತಿ ಕಾಕಾ. ಹೊಸಾ ವಾಲ್ವ್ ಕುರ್ಲಾದಾಗ ಹುಡುಕಬೇಕು. ಎಂಟ ಹತ್ತ ದಿನಾ ಆಗತೈತಿ." ಆಮೇಲೆ ಅವನ ಕಣ್ಣು ಮೋರಿಯ ಪಕ್ಕ ಕವುಚಿ ಹಾಕಿದ್ದ ತಟ್ಟೆಗಳ ಅಟ್ಟಿಯ ಮೇಲೆ ಬಿತ್ತು. ಕಸ್ತೂರಿಬಾಯಿಯ ಕಡಾಯಿ ಬೆಳ್ಳಿಯಂತೆ ಕೂತಿತ್ತು. "ಮತ್ತ ಇವನ್ನ ಯಾರು ತೊಳದ್ರು?"

ಕಾಂತಪ್ಪ ಅವನ ಎರಡೂ ಕೈ ಹಿಡಿದುಕೊಂಡರು. "ಜುನೇದ್, ನೀನು ನನ್ನ ಮಗನ ಹಾಗೆ. ಮಷೀನು ನಡೀತಾ ಉಂಟು. ಯಾರು ಕೇಳಿದ್ರೂ ನಡೀತಾ ಉಂಟು. ಆಯ್ತಾ?"

"ಆಯ್ತು ಕಾಕಾ" ಎಂದ ಜುನೇದ್, ಮೆಟ್ಟಿಲಿಳಿಯುವಾಗ ಕೇಳಿದವರಿಗೆಲ್ಲ, "ಫಸ್ಟ್ ಕ್ಲಾಸ್! ಹಿಂಗಿಂದು ಮಷಿನ್ ನಾ ಜಲ್ಮದಾಗ ನೋಡಿಲ್ಲ" ಎಂದು ಹೇಳುತ್ತ ಹೋದನು. ಅವನ ಮಟ್ಟಿಗೆ ಅದು ಸುಳ್ಳೂ ಅಲ್ಲ.

ಮೆಕ್ಯಾನಿಕ್ಕನ ಬಾಯಲ್ಲೇ ಪ್ರಮಾಣಪತ್ರ ಸಿಕ್ಕಿದ ಮೇಲೆ ತಡೆಯುವವರು ಯಾರು? ಮೇಲಿನ ಮಹಡಿಯ ನಮಿತಾ, ಪವಾಯಿಯ ಆಫೀಸಿಗೆ ಓಡುವ ಮಂಗಳೂರಿನ ಹುಡುಗಿ, ವಾರದ ಟಿಫಿನ್ ಡಬ್ಬಿಗಳನ್ನು ಬುಟ್ಟಿ ತುಂಬ ತಂದಿಟ್ಟಳು. "ಅಂಕಲ್, ಪ್ಲೀಸ್, ಸಿರ್ಫ್ ಹತ್ತು ಡಬ್ಬಾ. ಈ ರಾಜ್ಮಾದ ಸ್ಮೆಲ್ ನಂಗೆ ಹೋಗೋದೇ ಇಲ್ಲ." ಒಂದನೇ ಮಹಡಿಯಿಂದ ಪೂಜೆಯ ಹಿತ್ತಾಳೆ ಬಂತು. ನೆಲಮಹಡಿಯಲ್ಲಿ ಹುಟ್ಟುಹಬ್ಬವಾಗಿ ನಲವತ್ತು ತಟ್ಟೆ ಬಂತು. ಯಾರೂ ಸುಮ್ಮನೆ ತರಲಿಲ್ಲ. ಜೊತೆಗೆ ಒಂದು ಬಟ್ಟಲು ಪಾಯಸವೋ, ನಾಲ್ಕು ಥಾಲಿಪೀಠವೋ ಇರುತ್ತಿತ್ತು, ಅದನ್ನು ತಿಂದ ಮೇಲೆ ಆ ಬಟ್ಟಲನ್ನೂ ತೊಳೆಯಬೇಕಾಗುತ್ತಿತ್ತು.

ದಿನಕ್ಕೆ ಎರಡು ಪಾಳಿ. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು, ಮಧ್ಯಾಹ್ನ ಮೂರರಿಂದ ಐದು. ಬಾಗಿಲಿಗೆ ಚಿಲಕ, ಖಾಲಿ ಮಷೀನಿನ ಘೂಂಕಾರ, ಮೋರಿಯಲ್ಲಿ ಮತ್ತೆ ಮತ್ತೆ ತುಂಬಿ ಚೆಲ್ಲುವ ಮೂರು ಪ್ಲಾಸ್ಟಿಕ್ ತೊಟ್ಟಿ. ಹಿತ್ತಾಳೆಗೆ ಹುಣಸೆಹಣ್ಣು, ಹೊತ್ತಿದ ತಳಕ್ಕೆ ತೆಂಗಿನ ನಾರು. ಅರವತ್ತನಾಲ್ಕರ ಮೊಣಕಾಲು ಮೊದಮೊದಲು ತಕರಾರು ಮಾಡಿ ಆಮೇಲೆ ಸೋತು ಸುಮ್ಮನಾಯಿತು. ಕಾಂತಪ್ಪನವರಿಗೆ ತಾವು ಸಿಕ್ಕಿಬಿದ್ದಿದ್ದೇವೆ ಎಂಬುದು ಗೊತ್ತಿತ್ತು. ಗೊತ್ತಿಲ್ಲದಿದ್ದದ್ದೆಂದರೆ, ಒಂಬತ್ತು ಗಂಟೆ ಯಾವಾಗ ಆಗುತ್ತದೆಂದು ತಾವು ಗಡಿಯಾರ ನೋಡತೊಡಗಿದ್ದೇಕೆ ಎಂಬುದು.

"ನಿಮ್ಮ ಮಷೀನು ಹಾಡ್ತದಾ?" ಎಂದು ಆರನೇ ದಿನ ವಿನೋದಿನಿ ಕೇಳಿದರು.

"ಎಂತ ಹಾಡು?"

"ಎಂತದೋ ಲಾವಣಿ ಹಾಗೆ. ನಡುನಡುವೆ 'ಪ್ಲೇಟ್ ಹದಿನಾಲ್ಕು!' ಅಂತ ಕೂಗಿದ ಹಾಗೆ ಕೇಳ್ತದೆ."

"ಹಳೇ ಮೋಟರು. ಹಾಗೆಲ್ಲ ಶಬ್ದ ಬರ್ತದೆ" ಎಂದ ಕಾಂತಪ್ಪನವರ ಬೆರಳುಗಳನ್ನು ವಿನೋದಿನಿ ಒಂದು ಕ್ಷಣ ನೋಡಿದರು. ಅವು ನೆನೆದ ಕಡಲೆಯ ಹಾಗೆ ಸುಕ್ಕುಗಟ್ಟಿದ್ದವು. ಕಾಂತಪ್ಪ ಕೈಯನ್ನು ಬನಿಯನ್ನಿನೊಳಗೆ ಹಾಕಿ ಎದೆ ಕೆರೆದುಕೊಂಡರು.

ಹತ್ತನೇ ದಿನ, ಶನಿವಾರ, ಮಧ್ಯಾಹ್ನ ಒಂದು ಗಂಟೆಗೆ ಏಕವೀರಾ ಸೊಸೈಟಿಯ ಎಲ್ಲ ನಲ್ಲಿಗಳೂ ಒಟ್ಟಿಗೆ ಗಾಳಿ ಬಿಟ್ಟವು. ತಾರಸಿಯ ಮೇಲಿನ ನೀರಿನ ಟಾಕಿ ಖಾಲಿ. ಹದಿನೆಂಟು ವರ್ಷಗಳಲ್ಲಿ ಹೀಗಾದದ್ದು ಇದೇ ಮೊದಲು. ತಲೆಗೆ ಸೋಪು ಹಚ್ಚಿಕೊಂಡಿದ್ದ ಬಸವಂತಪ್ಪ ಸೋಪಿನ ಸಮೇತ ಹೊರಬಂದು, ಟವೆಲ್ಲಿನಲ್ಲೇ ಕಾಂತಪ್ಪನವರ ಬಾಗಿಲು ಬಡಿದರು.

"ನಾ ಮೊದಲನೇ ದಿನಾನ ಕೇಳಿದ್ನೋ ಇಲ್ಲೋ? ನೀರು ಎಷ್ಟು ಕುಡೀತೈತಿ ಅಂತ ಕೇಳಿದ್ನೋ ಇಲ್ಲೋ?"

ಕಾಂತಪ್ಪನವರ ಮುಂದೆ ಎರಡು ದಾರಿಯಿತ್ತು. ಮಷೀನು ಹತ್ತು ದಿನದಿಂದ ಒಂದು ಹನಿಯನ್ನೂ ಕುಡಿದಿಲ್ಲವೆಂದು ನಿಜ ಹೇಳುವುದು. ಆಗ ಪಾತ್ರೆ ತೊಳೆದವರು ಯಾರು ಎಂಬ ಪ್ರಶ್ನೆ ಬರುತ್ತದೆ. ಇಲ್ಲವೇ ನಿರಪರಾಧಿ ಮಷೀನಿನ ಮೇಲೆ ತಪ್ಪು ಹೊರಿಸುವುದು. ಹಿಂದೆ ವಿನೋದಿನಿ ಬಂದು ನಿಂತದ್ದು ಕಾಣಿಸಿತು.

"ಸ್ವಲ್ಪ ಬಾಯಾರಿಕೆ ಜಾಸ್ತಿ ಅದಕ್ಕೆ" ಎಂದರು.

"ನಾಳೆ ಪರೀಕ್ಷಾ ಆಗಲಿ" ಎಂದರು ಬಸವಂತಪ್ಪ, ಕಣ್ಣಿಗಿಳಿದ ಸೋಪು ಒರೆಸಿಕೊಳ್ಳುತ್ತ. "ಕಂಪೌಂಡಿನ್ಯಾಗ. ಎಲ್ಲಾರ ಮುಂದ. ಮುಂಜಾನೆ ಏಳಕ್ಕ ಮುನ್ಸಿಪಾಲ್ಟಿ ನೀರು ಬರತೈತಿ. ಹೊರಗ ಬಿಡೂ ನೀರು ಬಕೀಟಿನ್ಯಾಗ ಹಿಡದು ಅಳೀತೀನಿ. ಹೆಚ್ಚಾತು, ಮಷಿನ್ ಸೊಸೈಟಿ ಬಿಟ್ಟು ಹೋಗಬೇಕು."

"ಏನ್ ಮಾತ್ರೀ ಇದು!" ಎಂದು ಅವರ ಹೆಂಡತಿ ಕಸ್ತೂರಿಬಾಯಿ ಪಕ್ಕದ ಬಾಗಿಲಿಂದ ಗುಡುಗಿದರು. "ಮಷಿನ್ ಹೋದ್ರ ಕಡಾಯಿ ನೀವ್ ತಿಕ್ಕತೀರೇನು?"

ಭಾನುವಾರ ಬೆಳಿಗ್ಗೆ ಏಳಕ್ಕೆ ಮಷೀನು ನಾಲ್ಕು ಜನರ ಹೆಗಲ ಮೇಲೆ ಕೆಳಗಿಳಿಯಿತು. ಕುರ್ಚಿಗಳು ಬಂದವು, ಚಹಾ ಬಂತು. ಪಂಪಿನ ಕೋಣೆಯಿಂದ ವೈರು ಎಳೆದರು. ಜುನೇದನಿಗೆ ಕಾಂತಪ್ಪ ಮುಂಜಾನೆಯೇ ಫೋನು ಮಾಡಿದ್ದರು. ಅವನು ಬಂದು, ಯಾರಿಗೂ ಕಾಣದಂತೆ ಅವರ ಕಿವಿಯಲ್ಲಿ, "ವಾಲ್ವ್ ಇನ್ನೂ ಸಿಕ್ಕಿಲ್ಲ ಕಾಕಾ. ಅಲ್ಲಾನ ಮ್ಯಾಲೆ ಹಾಕ್ರಿ" ಎಂದನು. ಹನ್ನೆರಡು ಎಂಜಲು ತಟ್ಟೆಗಳನ್ನು ಕಸ್ತೂರಿಬಾಯಿಯೇ ಒಳಗಿಟ್ಟರು. ಪೈಪನ್ನು ಕಂಪೌಂಡಿನ ನಲ್ಲಿಗೆ ಸಿಕ್ಕಿಸಿದರು. ಗುಂಡಿ ಒತ್ತುವಾಗ ಕಾಂತಪ್ಪನವರ ಮನಸ್ಸಿನಲ್ಲಿದ್ದದ್ದು ಒಂದೇ: ಇದು ಘೂಂ ಎಂದು ಟಕ್ ಎನ್ನಲಿದೆ, ಇಡೀ ಬಿಲ್ಡಿಂಗು ನನ್ನ ಕಡೆಗೆ ತಿರುಗಲಿದೆ, ವಿನೋದಿನಿ ಕೇಳಲಿದ್ದಾಳೆ.

ಮಷೀನು ಘೂಂ ಎಂದಿತು. ಆಮೇಲೆ, ಬಹಳ ದಿನ ಉಪವಾಸವಿದ್ದವರು ಚೊಂಬು ಎತ್ತಿದ ಹಾಗೆ, ಗಳಗಳನೆ ನೀರು ಕುಡಿಯತೊಡಗಿತು.

"ಯಾ ಅಲ್ಲಾ!" ಎಂದು ಜುನೇದ್ ಬಾಯಿಬಿಟ್ಟನು. ನಲ್ಲಿಯನ್ನು ನೋಡಿದನು. ಬೋಳು ನಲ್ಲಿ. ಅವನ ತಲೆಯಲ್ಲಿ ಏನೋ ಹೊಳೆದು, ಮೂರು ಮಹಡಿ ಓಡಿ ಹತ್ತಿ, ಇಳಿದು ಬಂದಾಗ ಅವನ ಕೈಯಲ್ಲಿ ನಾಲ್ಕು ಮಡಿಕೆಯ ಕೆಂಪು ಕೆಸರಿನ ಪಂಚೆಯ ತುಂಡಿತ್ತು. "ಕಾಕಾ," ಎಂದು ಪಿಸುಗುಟ್ಟಿದನು, "ಇದರ ಬಾಯಿಗೆ ಬಟ್ಟಿ ತುರುಕಿ ನೀರು ಕುಡಿ ಅಂದ್ರ ಹೆಂಗ ಕುಡೀಬೇಕು?"

ಕಾಂತಪ್ಪನವರಿಗೆ ಜೀವ ಬಂತು. ತಾವು ಬಚಾವಾದೆವು ಎಂದುಕೊಂಡು ಎರಡು ಚಹಾ ಕುಡಿದರು. ಒಂದು ಗಂಟೆ ಹತ್ತು ನಿಮಿಷ ಮಷೀನು ತಿರುಗಿತು. ಬಸವಂತಪ್ಪ ಹೊರಬಿದ್ದ ನೀರನ್ನೆಲ್ಲ ಬಕೀಟಿನಲ್ಲಿ ಹಿಡಿದು, ಗೆರೆ ಹಾಕಿ, ಎರಡು ಸಲ ನೋಡಿ, ತಮ್ಮ ಕಣ್ಣನ್ನು ತಾವೇ ನಂಬದೆ ಎದ್ದು ನಿಂತರು. "ಎರಡು ಬಕೀಟು, ಒಂದು ಚರಗಿ. ಇಷ್ಟ?" ಅವರ ದನಿಯಲ್ಲಿ ನಿರಾಸೆಯಿತ್ತು. "ಇಷ್ಟರಾಗ ಟಾಕಿ ಹೆಂಗ ಖಾಲಿ ಆಗತೈತಿ?"

"ನಾ ಹೇಳಲಿಲ್ಲೇನು, ಪಾಪ ಬಂಗಾರದಂಥಾ ಮಷಿನ್!" ಎನ್ನುತ್ತ ಕಸ್ತೂರಿಬಾಯಿ ಹೋಗಿ ಬಾಗಿಲು ತೆರೆದರು. ಒಂದು ತಟ್ಟೆ ಎತ್ತಿದರು. ಕುಂಕುಮ ನೋಡಿಕೊಳ್ಳಲು ಮುಖದ ಹತ್ತಿರ ತಂದರು. ಹಾಗೆಯೇ ನಿಂತರು.

ತಟ್ಟೆಯಲ್ಲಿ ಮುಖ ಕಾಣಲಿಲ್ಲ. ಅಂಚಿನಲ್ಲಿ ಅರಿಶಿನದ ಹಳದಿ ಗೆರೆ, ನಡುವೆ ಅಂಟಿದ ಎರಡು ತೊಗರಿಬೇಳೆ. ಇನ್ನೊಂದು ಎತ್ತಿದರು, ಅದರ ಬೆನ್ನಿಗೆ ದೋಸೆಹಿಟ್ಟು ಒಣಗಿ ಕೂತಿತ್ತು. ಇಪ್ಪತ್ತು ವರ್ಷದ ಮುದಿ ಮಷೀನು ತನ್ನ ಕೈಲಾದಷ್ಟು ಮಾಡಿತ್ತು.

"ಇದು ಆ ಮಷಿನ್ ಅಲ್ಲ" ಎಂದರು ಕಸ್ತೂರಿಬಾಯಿ.

ಕಂಪೌಂಡಿನಲ್ಲಿ ಗುಜುಗುಜು ಎದ್ದಿತು. ಬಸವಂತಪ್ಪನವರ ಮುಖ ಮತ್ತೆ ಬೆಳಗಿತು. "ಖರೇ ಮಾತು! ಇನ್ನೊಂದು ಐತಿ. ದೊಡ್ಡದು ಐತಿ. ಟಾಕಿ ಕುಡದದ್ದು ಅದು. ನಮಗ ತೋರಸಾಕ ಈ ಡಬ್ಬಾ ಇಳಿಸ್ಯಾರ! ಎಲ್ಲಿ ಇಟ್ಟೀರಿ ಅದನ್ನ?"

"ಇನ್ನೊಂದು ಇಲ್ಲ ಮಾರಾಯ್ರೆ..."

"ನಮಿತಾ, ಮ್ಯಾಲ ಹೋಗಿ ನೋಡವಾ" ಎಂದರು ಬಸವಂತಪ್ಪ.

ನಮಿತಾ ಹೋದಳು. ಎಲ್ಲರೂ ಕತ್ತೆತ್ತಿ ಮೂರನೇ ಮಹಡಿಯ ಕಿಟಕಿ ನೋಡುತ್ತ ನಿಂತರು. ಸ್ವಲ್ಪ ಹೊತ್ತಿಗೆ ಅವಳ ತಲೆ ಕಾಣಿಸಿತು.

"ಅಂಕಲ್! ಇಲ್ಲಿ ಏನೂ ಮಷೀನ್ ಇಲ್ಲ! ಬಸ್, ತೀನ್ ಟಬ್ ಇದೆ. ಆಮೇಲೆ ಕೋಕನಟ್‌ದು ನಾರು. ಇಮ್ಲಿ, ಹುಣಸೆಹಣ್ಣು ಇದೆ. ಒಂದು ವೆಟ್ ಲುಂಗಿ ಇದೆ. ಔರ್ ನನ್ನ ರಾಜ್ಮಾ ಡಬ್ಬಾ, ಅರ್ಧ ತೊಳ್ದಿದೆ!"

ವಿನೋದಿನಿ ಗಂಡನನ್ನು ನೋಡಿದರು. ಮುಖವನ್ನಲ್ಲ, ಕೈಯನ್ನು. ಕಾಂತಪ್ಪ ಕೈ ಅಡಗಿಸಲು ಹೋಗಿ, ಅಡಗಿಸುವ ಜಾಗ ಸಿಗದೆ, ಇಬ್ಬದಿಗೂ ಇಳಿಬಿಟ್ಟರು.

"ನಾನೇ ತೊಳೆದದ್ದು" ಎಂದರು.

ಆಮೇಲೆ ಇಡೀ ಏಕವೀರಾ ಸೊಸೈಟಿ ಹೊಟ್ಟೆ ಹಿಡಿದು ನಕ್ಕಿತು. ಬಸವಂತಪ್ಪ ಬಕೀಟಿನ ಮೇಲೆ ಕೂತುಬಿಟ್ಟರು. ಕಸ್ತೂರಿಬಾಯಿ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, "ಬಿಡ್ರಿ ಅಣ್ಣಾರ! ಒಂದು ಲೋಟ ತೊಳದವರಲ್ಲ ನೀವು. ಗಂಡಸರು ತೊಳದ ಪಾತ್ರಿ ಹಂಗ ಇರತಾವೇನು? ಸುಳ್ಳರ ಸ್ವಲ್ಪ ಚಂದಾಗಿ ಹೇಳ್ರಿ" ಎಂದರು.

ಮೂವತ್ತನಾಲ್ಕು ವರ್ಷ ಸುಳ್ಳನ್ನು ನಂಬಿಸಿದ ಮನುಷ್ಯ ಕೊನೆಗೊಮ್ಮೆ ನಿಜ ಹೇಳಿದರೆ ನಂಬುವವರಿಲ್ಲ. ಈ ನಗೆಯ ಮರೆಯಲ್ಲಿ ಕಾಂತಪ್ಪ ಈಗಲೂ ತಪ್ಪಿಸಿಕೊಳ್ಳಬಹುದಿತ್ತು. "ತಮಾಷೆಗೆ ಹೇಳಿದೆ" ಎಂದರೆ ಮುಗಿಯಿತು. ಆದರೆ ಗಂಡಸರು ತೊಳೆದ ಪಾತ್ರೆ ಹಾಗಿರುತ್ತದೆಯೇ ಎಂಬ ಮಾತು ಅವರಿಗೆ ಎಲ್ಲೋ ಚುಚ್ಚಿತು. ಸುಳ್ಳನೆಂದು ಕರೆಸಿಕೊಳ್ಳಬಹುದು; ಕೆಲಸ ಬಾರದವನೆಂದು ಕರೆಸಿಕೊಳ್ಳುವುದು ಹೇಗೆ? ವರದ ವಿಲಾಸದ ಮೋರಿಗೆ ಅದು ಅವಮಾನ.

ಅವರು ನೇರ ಹೋಗಿ ಮಷೀನಿನಿಂದ ಆ ಹನ್ನೆರಡು ತಟ್ಟೆ ಹೊರತೆಗೆದರು. ಲುಂಗಿ ಎತ್ತಿಕಟ್ಟಿದರು. ಬಸವಂತಪ್ಪನವರನ್ನು ಎಬ್ಬಿಸಿ ಬಕೀಟು ತೆಗೆದುಕೊಂಡರು. ಕಂಪೌಂಡಿನ ನಲ್ಲಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತರು.

ಆಮೇಲಿನದು ಎರಡು ನಿಮಿಷದ ಕೆಲಸ. ಹಿಂಬದಿ, ಮುಂಬದಿ, ಅಂಚಿಗೆ ಹೆಬ್ಬೆರಳು. ಓರೆಯಾಗಿ ಇಳಿಸಿ ಒಂದೇ ಏಟಿಗೆ ಎತ್ತು. ತೊಳೆದ ತಟ್ಟೆ ಎಡಗೈಯಿಂದ ಹಾರಿ ಹಿಂದಿನ ತಟ್ಟೆಯ ಮೇಲೆ ಸದ್ದಿಲ್ಲದೆ ಕೂರುತ್ತಿತ್ತು. ದಾದರಿನ ಆ ಮೋರಿಯ ಹೊಗೆ, ಒಳಗಿಂದ ಬರುತ್ತಿದ್ದ "ಎರಡು ಮಸಾಲೆ, ಒಂದು ಸಾದಾ!" ಕೂಗು, ಪಕ್ಕದಲ್ಲಿ ಕೂತು ತಟ್ಟೆ ತಿಕ್ಕುತ್ತ ಹಾಡುತ್ತಿದ್ದ ಧನರಾಜ, ಮಧ್ಯಾಹ್ನದ ನೂಕುನುಗ್ಗಲು ಮುಗಿದು ಬಾಳೆಎಲೆಯ ಮೇಲೆ ಎಲ್ಲರಿಗೂ ಒಟ್ಟಿಗೆ ಬೀಳುತ್ತಿದ್ದ ಬಿಸಿ ಅನ್ನ, ಎಲ್ಲವೂ ನಲ್ಲಿಯ ನೀರಿನ ಜೊತೆ ಬಂದುಬಿಟ್ಟವು. "ಪ್ಲೇಟ್ ಹನ್ನೆರಡು!" ಎಂದು ಅವರು ಗಂಟಲು ಬಿಚ್ಚಿ ಕೂಗಿದರು. ಕೂಗಿದ ಮೇಲೆ ತಲೆಯೆತ್ತಿ ನೋಡಿದರೆ ಅಲ್ಲಿ ದಾದರ್ ಇರಲಿಲ್ಲ. ಏಕವೀರಾ ಸೊಸೈಟಿ ಚಹಾದ ಲೋಟ ಹಿಡಿದು ನಿಂತಿತ್ತು, ಯಾರೂ ನಗುತ್ತಿರಲಿಲ್ಲ.

ಕಸ್ತೂರಿಬಾಯಿ ಬಂದು ಮೇಲಿನ ತಟ್ಟೆ ಎತ್ತಿ ಕುಂಕುಮ ನೋಡಿಕೊಂಡರು. "ಇದ ಮಷಿನ್ ರೀ" ಎಂದರು, ಮೆಲ್ಲಗೆ.

ವಿನೋದಿನಿ ತಿರುಗಿ ಮೆಟ್ಟಿಲು ಹತ್ತಿಹೋದರು.

ಹನ್ನೆರಡು ತಟ್ಟೆಗಳನ್ನು ಎದೆಗೊತ್ತಿ ಹಿಡಿದುಕೊಂಡು ಕಾಂತಪ್ಪ ಹಿಂದೆ ಹತ್ತಿದರು. ಒಂದೊಂದು ಮೆಟ್ಟಿಲಿಗೂ ಮಾವನ ಜಗಲಿ ಕಾಣುತ್ತಿತ್ತು. ಮಾವ ಸತ್ತು ಹನ್ನೊಂದು ವರ್ಷವಾಗಿತ್ತು, ಆದರೆ ಅಂಥವರು ಸತ್ತರೂ ಜಗಲಿ ಬಿಟ್ಟು ಏಳುವುದಿಲ್ಲ.

ವಿನೋದಿನಿ ಅಡುಗೆಮನೆಯಲ್ಲಿ, ಮಷೀನಿದ್ದ ಖಾಲಿ ಜಾಗದಲ್ಲಿ ನಿಂತಿದ್ದರು. ಮೂರು ತೊಟ್ಟಿಗಳನ್ನು ನೋಡುತ್ತಿದ್ದರು.

"ಎಷ್ಟು ವರ್ಷ?"

"ಆರು" ಎಂದರು ಕಾಂತಪ್ಪ. "ನಿನ್ನ ಅಪ್ಪಯ್ಯ ಹಾಗೆ ಹೇಳಿದ್ರಲ್ಲ. ಎಂಜಲು ತಟ್ಟೆ ತೆಗೆದವನಿಗೆ ಕೊಡುದಿಲ್ಲ ಅಂತ. ಅದಕ್ಕೆ ನಾನು..."

"ಅಪ್ಪಯ್ಯ ಹೇಳಿದ್ರು. ನನ್ನನ್ನು ಯಾರಾದ್ರೂ ಕೇಳಿದ್ರಾ?"

"ಇಲ್ಲ."

"ಕೇಳಿದ್ರೆ ಇಂಥವನೇ ಬೇಕು ಅಂತಿದ್ದೆ!" ವಿನೋದಿನಿಯ ಪ್ಲಾಸ್ಟರ್ ಕೈ ಗಾಳಿಯಲ್ಲಿ ಎದ್ದಿತು. "ಮೂವತ್ತನಾಲ್ಕು ವರ್ಷ ಮಾರಾಯ್ರೆ! ದಿನಕ್ಕೆರಡು ಸಲ ನಾನು ಈ ಮೋರಿಯಲ್ಲಿ ಬೆನ್ನು ಮುರಿದುಕೊಂಡಿದ್ದೇನೆ. ಇಂಥ ಕೈ ಇಟ್ಟುಕೊಂಡು ನೀವು ಹಾಲ್‌ನಲ್ಲಿ ಕೂತು ಪೇಪರ್ ಓದಿದ್ರಲ್ಲ! ಓದಿದ್ದು ಮಾತ್ರವಾ? 'ಕಡಾಯಿಯ ತಳ ಹೋಗಲಿಲ್ಲ ನೋಡು, ಅಂಚಿನಲ್ಲಿ ಜಿಡ್ಡು ಉಂಟು ನೋಡು' ಅಂತ ಅಲ್ಲಿಂದಲೇ ಹೇಳ್ತಿದ್ರಲ್ಲ! ಗಲ್ಲಾದಲ್ಲಿ ಕೂತವನಿಗೆ ಇಷ್ಟೆಲ್ಲ ಹೇಗೆ ಗೊತ್ತಾಗ್ತದೆ ಅಂತ ನಾನು ತಲೆ ಕೆರೆದುಕೊಂಡದ್ದೇ ಬಂತು."

ಮೂವತ್ತನಾಲ್ಕು ವರ್ಷ ಕಾಂತಪ್ಪ ಹೆದರಿದ್ದು ಬೇರೆಯೇ ಒಂದು ಸಿಟ್ಟಿಗೆ. ತಟ್ಟೆಗಳನ್ನು ಕಟ್ಟೆಯ ಮೇಲಿಟ್ಟು, "ಕೈ ನೋವಾಗ್ತದೆ, ಇಳಿಸು" ಎಂದರು.

ವಿನೋದಿನಿ ಕೈ ಇಳಿಸಿದರು. ಮಣೆಯೊಂದನ್ನು ಕಾಲಿನಿಂದ ಎಳೆದುಕೊಂಡು ಮೋರಿಯ ಪಕ್ಕ ಕೂತರು. ಕೆಳಗೆ ಕಂಪೌಂಡಿನಲ್ಲಿ ಯಾರೋ ಮಷೀನನ್ನು ಮತ್ತೆ ಚಾಲೂ ಮಾಡಿದ್ದರು, ಬಸವಂತಪ್ಪ, "ನಲ್ಲಿ ಬಂದ್ ಮಾಡ್ರೋ!" ಎಂದು ಬೊಬ್ಬೆ ಹೊಡೆಯುವುದು ಕೇಳುತ್ತಿತ್ತು.

"ಆ ಹುಡುಗಿಯ ಡಬ್ಬಿ ಅರ್ಧದಲ್ಲಿ ಉಂಟು. ತೊಳೀರಿ" ಎಂದರು ವಿನೋದಿನಿ. "ತೊಳೀತಾ ಹೇಳಿ. ಗಲ್ಲಾದ ಕಥೆ ನಂಗೆ ಬಾಯಿಪಾಠ ಬರ್ತದೆ, ಅದು ಬೇಡ. ದಾದರಿನಲ್ಲಿ ಇಳಿದ ದಿನದಿಂದ ಹೇಳಿ."

ಕಾಂತಪ್ಪ ಕೂತರು. ಡಬ್ಬಿಯನ್ನು ಮೊದಲ ತೊಟ್ಟಿಗೆ ಇಳಿಸಿದರು.

"ಬೆಳಿಗ್ಗೆ ಆರು ಗಂಟೆ" ಎಂದರು. "ಕೈಯಲ್ಲೊಂದು ಚೀಲ."

"ಚೀಲದಲ್ಲಿ ಎಂತ ಇತ್ತು?"

ಅದನ್ನು ಅವರನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಕಾಂತಪ್ಪನವರ ಕೈ ನೀರಿನಲ್ಲೇ ನಿಂತಿತು. ಅವರು ನೆನಪು ಮಾಡಿಕೊಳ್ಳತೊಡಗಿದರು.